ವೈದ್ಯರಾದ ಗ್ರೆನ್‌ಫೆಲ್ಲರೂ ಅವರ ಬೇಸಗೆಯ ಸೇವಕರೂ

ದೇವರ ಸೇವೆಯೆಂದರೆ ಬೋಧಿಸುವದೂ ಹಾಡುವದೂ ಮಾತ್ರವೆಂದು ನೆನಸುವವರು ನಮ್ಮ ಸಭೆಗಳಲ್ಲಿ ಉಂಟು. ಗುದ್ದಲಿ ಹಿಡಿಯುವದೂ ಹೊರೆ ಹೊರುವದೂ ಸೇವೆಯೇ ಎಂಬದನ್ನು ಅನೇಕ ಯೌವನಸ್ಥರಿಗೆ ಕಲಿಸಿದ ಒಬ್ಬ ವೈದ್ಯರ ಚರಿತ್ರೆಯನ್ನು ಈ ಸಾರಿ ನಿಮಗೆ ತಿಳಿಸುತ್ತೇವೆ.

ವಿಲ್ಫ್ರೆಡ್ ಗ್ರೆನ್‌ಫೆಲ್ಲರು 1865ನೆಯ ಇಸವಿ ಫೆಬ್ರವರಿ 28ರಂದು ಇಂಗ್ಲೆಂಡಿನ ಪಾರ್ಕ್‌ಗೇಟ್ ಎಂಬ ಊರಲ್ಲಿ ಹುಟ್ಟಿದರು. ಲಂಡನ್ನಿನಲ್ಲಿ ವೈದ್ಯವಿದ್ಯೆಯನ್ನು ಕಲಿಯುತ್ತಿದ್ದಾಗ, 1885ರಲ್ಲಿ, ದಾರಿಯಲ್ಲಿ ಕಂಡ ಒಂದು ದೊಡ್ಡ ಗುಡಾರವನ್ನು ಹೊಕ್ಕರು. ಅಲ್ಲಿ ಅಮೇರಿಕದ ಮೂಡಿ ಎಂಬ ಸುವಾರ್ತಿಕರು ಕೂಟ ನಡೆಸುತ್ತಿದ್ದರು. ಒಬ್ಬನು ಪ್ರಾರ್ಥನೆಯನ್ನು ಬಹಳ ಹೊತ್ತು ಎಳೆಯುತ್ತಿರಲಾಗಿ, ಇವರು ಬೇಸತ್ತು ಹೊರಡಬೇಕೆಂದಿದ್ದರು. ಅಷ್ಟರಲ್ಲಿ ಮೂಡಿಯವರು, ಆ ಪ್ರಾರ್ಥನೆ ಮುಗಿಯುವ ತನಕ ಕಾಯದೆ, ಕೂಡಿದವರೆಲ್ಲರಿಂದ ಕೀರ್ತನೆ ಹಾಡಿಸಿದರು. ಈ ಸರಳತೆಗೆ ಮೆಚ್ಚಿ ಗ್ರೆನ್‌ಫೆಲ್ಲರು ಕುಳಿತು ಕೇಳಿದರು; ಕ್ರಿಸ್ತನನ್ನು ಹಿಂಬಾಲಿಸುವದಾದರೆ ಕ್ರಿಯೆಯಿಂದಲೇ ತೋರಿಸತಕ್ಕದ್ದೆಂಬ ಮನಸ್ಸು ಅವರಲ್ಲಿ ಹುಟ್ಟಿತು. ತರುವಾಯ ಅವರು ಲಂಡನ್ನಿನ ಬಡ ಹುಡುಗರಿಗೆ ಆದಿತ್ಯವಾರದ ಶಾಲೆಯಲ್ಲಿ ಕಲಿಸಿದ್ದಲ್ಲದೆ, ಬೇಸಗೆಯಲ್ಲಿ ಅವರನ್ನು ಕಡಲ ತೀರಕ್ಕೆ ಕರಕೊಂಡು ಹೋಗಿ ಗುಡಾರಗಳಲ್ಲಿ ಇಳಿಸುತ್ತಿದ್ದರು.

ಮೀನುಗಾರರ ಮಿಶನ್ ಸಂಘವು 1892ರಲ್ಲಿ ಇವರನ್ನು ಉತ್ತರ ಅಮೇರಿಕದ ಪೂರ್ವ ತೀರವಾದ ಲಾಬ್ರಡಾರಿಗೆ ಕಳುಹಿಸಿತು. ಅಲ್ಲಿ ಚಳಿಗಾಲವೆಲ್ಲಾ ಕಡಲು ಹೆಪ್ಪುಗಟ್ಟುತ್ತದೆ. ಬೇಸಗೆಯಲ್ಲಿ ಮೀನು ಹಿಡಿಯಲು ಸಾವಿರಾರು ಜನರು ನ್ಯೂಫೌಂಡ್‌ಲ್ಯಾಂಡಿನಿಂದ ಬರುತ್ತಿದ್ದರೂ ಅವರಿಗೆ ವೈದ್ಯರಿರಲಿಲ್ಲ. ಆ ಒಂದೇ ಬೇಸಗೆಯಲ್ಲಿ ಇವರು ಸುಮಾರು 900 ರೋಗಿಗಳನ್ನು ನೋಡಿದರು. 1893ರಲ್ಲಿ ಬ್ಯಾಟಲ್ ಹಾರ್ಬರಿನಲ್ಲಿ ಆಸ್ಪತ್ರೆಯಾಯಿತು.

ಜನರ ಬೇನೆಗೆ ಹಸಿವೂ ಹಸಿವಿಗೆ ಸಾಲವೂ ಕಾರಣವೆಂದು ಅವರು ಬೇಗನೆ ಕಂಡರು. ವರ್ತಕನು ಉಪ್ಪನ್ನೂ ಬಲೆಯನ್ನೂ ಹಿಟ್ಟನ್ನೂ ಕಡವಾಗಿ ಕೊಟ್ಟು, ಕೊನೆಗೆ ತಾನೇ ಇಟ್ಟ ಬೆಲೆಗೆ ಮೀನನ್ನು ತಕ್ಕೊಳ್ಳುವನು. ಬೆಸ್ತನು ಹಣವನ್ನೇ ಕಾಣನು. ಸಾಹುಕಾರನ ಲೆಕ್ಕದ ಪುಸ್ತಕವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಆದಕಾರಣ 1896ರಲ್ಲಿ ರೆಡ್ ಬೇ ಎಂಬಲ್ಲಿ ಜನರು ತಾವೇ ಕೂಡಿ ನಡೆಸುವ ಅಂಗಡಿಯನ್ನು ಇವರು ಹಾಕಿಸಿದರು. ವರ್ತಕರಲ್ಲಿ ಅನೇಕರು ಇವರಿಗೆ ವಿರೋಧಿಗಳಾದರು.

ಇಷ್ಟು ಕೆಲಸಕ್ಕೆ ಕೈಗಳು ಸಾಲದೆ ಹೋದವು. ಹಿಮ ಕರಗಿ ಹಡಗುಗಳು ಬರುವ ಕಾಲವೇ ಅಮೇರಿಕದ ಕಾಲೇಜುಗಳ ರಜೆಯ ಕಾಲವೂ ಆಗಿತ್ತು. ಗ್ರೆನ್‌ಫೆಲ್ಲರು ಆ ಕಾಲೇಜುಗಳಿಗೆ ಹೋಗಿ ವಿದ್ಯಾರ್ಥಿಗಳನ್ನು ಕರೆದರು. ಸಂಬಳವಿಲ್ಲ, ಹೋಗಿಬರುವ ಖರ್ಚೂ ಅವರದೇ. ಆದರೂ ಯೌವನಸ್ಥರು ವರುಷ ವರುಷವೂ ಬಂದರು. ಐಶ್ವರ್ಯವಂತರ ಮಕ್ಕಳೂ ಅವರಲ್ಲಿದ್ದರು. ಮನೆಯಲ್ಲಿ ಆಳುಗಳಿಂದ ಸೇವೆ ಹೊಂದಿದವರು ಇಲ್ಲಿ ಕಾಲುವೆ ತೋಡಿದರು, ಮರದ ದಿಮ್ಮಿಗಳನ್ನು ಹೊತ್ತರು, ಹಡಗಿನಿಂದ ಕಲ್ಲಿದ್ದಲನ್ನು ಇಳಿಸಿದರು. ಯುವತಿಯರು ಮಕ್ಕಳಿಗೆ ಪಾಠ ಹೇಳಿದರು, ರೋಗಿಗಳ ಶುಶ್ರೂಷೆ ಮಾಡಿದರು.

ಒಂದು ಬೇಸಗೆಯಲ್ಲಿ ಬಂದು ಹೋಗುವವರಿಂದ ಏನು ಪ್ರಯೋಜನವೆಂದು ಕೇಳುವವರಿರಬಹುದು. ಬೇರೂರಿದ ಕೆಲಸವನ್ನು ಮಾಡಿದವರು ಚಳಿಗಾಲದಲ್ಲಿಯೂ ಅಲ್ಲಿಯೇ ಉಳಿದ ವೈದ್ಯರೂ ದಾದಿಯರೂ ಎಂಬದು ನಿಜ. ಆದರೆ ಬೇಸಗೆಯವರು ಇಳಿಸಿಹೋದ ಕಲ್ಲಿದ್ದಲೇ ಚಳಿಗಾಲದಲ್ಲಿ ರೋಗಿಗಳನ್ನು ಬೆಚ್ಚಗಿಟ್ಟಿತು. ಹೀಗೆ ಉಳಿಯುವವರ ಭಾರವನ್ನು ಹಗುರಮಾಡಿದ್ದೇ ಅವರ ಸೇವೆಯಾಗಿತ್ತು.

ಸಹಾಯಮಾಡುವವನಿಗೂ ಸಹಾಯ ಬೇಕೆಂಬದನ್ನು ಗ್ರೆನ್‌ಫೆಲ್ಲರು ತಾವೇ ಅನುಭವಿಸಿದರು. 1908ರ ಏಪ್ರಿಲಿನಲ್ಲಿ ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ಒಬ್ಬ ರೋಗಿಯ ಬಳಿಗೆ ಹೋಗುತ್ತಿರುವಾಗ ಕಡಲ ಮೇಲಣ ಹಿಮವು ಒಡೆದು, ಅವರು ಒಂದು ಹಿಮದ ತುಂಡಿನ ಮೇಲೆ ತೇಲಿಹೋದರು. ಮೂರು ನಾಯಿಗಳನ್ನು ಕೊಂದು ಅವುಗಳ ಚರ್ಮವನ್ನು ಹೊದ್ದು ಆ ರಾತ್ರಿ ಜೀವ ಉಳಿಸಿಕೊಂಡರು. ಮರುದಿನ ಬೆಸ್ತರು ತಮ್ಮ ಪ್ರಾಣದ ಆಶೆಯನ್ನು ಬಿಟ್ಟು ಹಿಮದ ನಡುವೆ ದೋಣಿ ನಡಿಸಿ ಇವರನ್ನು ರಕ್ಷಿಸಿದರು. ಸತ್ತ ನಾಯಿಗಳ ಜ್ಞಾಪಕಾರ್ಥವಾಗಿ ಗ್ರೆನ್‌ಫೆಲ್ಲರು ಫಲಕವನ್ನು ಇಡಿಸಿದರು.

1927ರಲ್ಲಿ ಅರಸನಿಂದ ಮಾನ ಹೊಂದಿದ ಇವರು 1940ರ ಅಕ್ಟೋಬರ್ 9ರಂದು ಅಮೇರಿಕದಲ್ಲಿ ತೀರಿಹೋದರು. ಅವರ ಬೂದಿಯನ್ನು ಸೇಂಟ್ ಆಂಥನಿ ಊರಿನ ಗುಡ್ಡದಲ್ಲಿ ಇಟ್ಟರು. 1981ರಲ್ಲಿ ಅವರ ಆಸ್ಪತ್ರೆಗಳ ಕೆಲಸವು ಸರಕಾರದ ವಶಕ್ಕೆ ಬಂತು.

ಯೌವನಸ್ಥರೇ, ಲಾಬ್ರಡಾರ್ ನಮಗೆ ದೂರ. ಆದರೆ ವಿಧವೆಯ ಮನೆಯ ಸೋರುವ ಮಾಡೂ ಹೂಳು ತುಂಬಿದ ಬಾವಿಯೂ ನಮ್ಮ ಊರಲ್ಲಿಯೇ ಇವೆ. ಬೇಸಗೆಯ ರಜೆಯೂ ಬರುತ್ತದೆ. ಶಿಷ್ಯರ ಕಾಲುಗಳನ್ನು ತೊಳೆದ ಕರ್ತನು ಯಾವ ಕೆಲಸವನ್ನೂ ಹೀನವೆಂದು ಎಣಿಸಲಿಲ್ಲ. ನಾವೂ ಎಣಿಸದೆ ಇರೋಣ.