ಚಿಪ್ಪುಗಳ ಕುಲ ಬಿಡಿಸಿದ ಸ್ಟೊಲಿಚ್ಕಾ

ನಮ್ಮ ಕಾಖಂಡಕಿಯ ಎರೆಹೊಲವನ್ನು ಅಗೆದವರಿಗೆ ಕಡಲ ಚಿಪ್ಪು ದೊರೆಯದು. ಎರೆಯ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬೆಂಕಿಯ ಹೊಳೆಯಾಗಿ ಹರಿದು ತಣಿದ ಕರಿಕಲ್ಲು. ಅದಕ್ಕೂ ಮುಂಚಿನ ಕ್ರಿಟೇಷಿಯಸ್ ಯುಗದಲ್ಲಿ, ದೂರದ ತಮಿಳುನಾಡಿನ ಅರಿಯಲೂರು ಸೀಮೆಯ ಮೇಲೆ ಕಡಲು ನಿಂತಿತ್ತು. ಆ ಕಡಲಿನ ಕಪ್ಪೆಚಿಪ್ಪುಗಳಿಗೆ ಕುಲಗೋತ್ರ ಹೇಳಿದ ಫರ್ಡಿನಂಡ್ ಸ್ಟೊಲಿಚ್ಕಾ ಅವರನ್ನು ನಮ್ಮ ವಿದ್ಯಾರ್ಥಿಗಳು ಅರಿತಿರಬೇಕೆಂದು ನಾನು ಬಯಸುತ್ತೇನೆ.

1838ರಲ್ಲಿ ಮೊರಾವಿಯಾದಲ್ಲಿ ಜನಿಸಿದ ಅವರು ವಿಯೆನ್ನಾದಲ್ಲಿ ಕಲಿತು, 1862ರಲ್ಲಿ ಕಲ್ಕತ್ತೆಗೆ ಬಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿದರು. ಹೆನ್ರಿ ಬ್ಲ್ಯಾನ್‌ಫರ್ಡ್ ಮೊದಲಾದವರು ತಿರುಚಿರಾಪಳ್ಳಿಯ ಕಡೆಯಿಂದ ಶೇಖರಿಸಿದ್ದ ಪಳೆಯುಳಿಕೆಗಳ ರಾಶಿ ಅವರ ಪಾಲಿಗೆ ಬಂದಿತು.

ಜೋಡಿಚಿಪ್ಪಿನ ಪ್ರಾಣಿಗಳನ್ನು ವಿಂಗಡಿಸುವುದು ಸುಲಭವಲ್ಲ. ಒಂದೇ ಬಗೆಯ ಬಾಳು ಬಾಳಿದ ಬೇರೆ ಬೇರೆ ಕುಲಗಳು ಒಂದೇ ಆಕಾರವನ್ನು ತಾಳುವುದುಂಟು. ಹೊರರೂಪವನ್ನು ನಂಬಿದವನು ಮೋಸಹೋಗುತ್ತಾನೆ. ಪಳೆಯುಳಿಕೆಯಲ್ಲಿ ಮಾಂಸವಂತೂ ಉಳಿದಿರದು. ಆದ್ದರಿಂದ ಚಿಪ್ಪಿನ ಒಳಮೈಯನ್ನು ಓದಬೇಕು. ಕೀಲಿನ ಹಲ್ಲುಗಳ ಜೋಡಣೆ, ಚಿಪ್ಪನ್ನು ಬಿಗಿಹಿಡಿದಿದ್ದ ಸ್ನಾಯುಗಳ ಗುರುತು, ಮೈಹೊದಿಕೆ ಉಳಿಸಿಹೋದ ಗೆರೆ, ಇವೇ ಅಲ್ಲಿನ ಅಕ್ಷರಗಳು. ಆ ಗೆರೆ ಒಳಕ್ಕೆ ಆಳವಾಗಿ ಬಾಗಿದ್ದರೆ, ಪ್ರಾಣಿಗೆ ಉದ್ದನೆಯ ನೀರ್ಗೊಳವೆಗಳಿದ್ದುವೆಂದೂ ಅದು ಮರಳಿನಲ್ಲಿ ಹುದುಗಿ ಬಾಳಿತೆಂದೂ ಊಹಿಸಬಹುದು.

1871ರಲ್ಲಿ ಸ್ಟೊಲಿಚ್ಕಾ ಪ್ರಕಟಿಸಿದ ಗ್ರಂಥ ದಕ್ಷಿಣ ಭಾರತದ ಚಿಪ್ಪುಗಳ ವರ್ಣನೆಯಷ್ಟಕ್ಕೇ ನಿಲ್ಲಲಿಲ್ಲ. ಆವರೆಗೆ ತಿಳಿದಿದ್ದ ಈ ವರ್ಗದ ಎಲ್ಲ ಜಾತಿಗಳನ್ನೂ, ಅಳಿದವನ್ನೂ ಇಂದಿಗೂ ಜೀವಿಸಿರುವವನ್ನೂ, ಅವರು ಒಂದೇ ಕ್ರಮದಲ್ಲಿ ಪರಾಮರ್ಶಿಸಿದರು. ಸತ್ತುದನ್ನು ಅರಿಯಲು ಬದುಕಿರುವುದನ್ನು ಅರಿಯಬೇಕೆಂಬ ಈ ನಿಲುವೇ ನನಗೆ ಅವರ ದೊಡ್ಡ ಕೊಡುಗೆಯಾಗಿ ಕಾಣುತ್ತದೆ.

ಮೇಜಿನ ಕೆಲಸ ಅವರನ್ನು ಕಟ್ಟಿಹಾಕಲಿಲ್ಲ. 1873ರಲ್ಲಿ ಯಾರ್ಕಂದ್‌ಗೆ ಹೊರಟ ಸರ್ಕಾರಿ ನಿಯೋಗದೊಡನೆ ಅವರೂ ನಡೆದರು. ಹಿಮಾಲಯದ ಎತ್ತರ ಅವರ ದೇಹಕ್ಕೆ ಒಗ್ಗಲಿಲ್ಲ. ಹಿಂದಿರುಗುವಾಗ ಕಾರಾಕೋರಂ ಕಣಿವೆಯನ್ನು ದಾಟಿದ ಮೇಲೆ, 1874ರ ಜೂನ್ 19ರಂದು ಮುರ್ಗೋ ಎಂಬಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತಾರು ವರ್ಷ. ಸಮಾಧಿ ಲೇಹ್‌ನಲ್ಲಿದೆ.

ಇಂದು ಜೀವಂತ ಚಿಪ್ಪುಪ್ರಾಣಿಗಳ ನಂಟನ್ನು ವಂಶವಾಹಿಗಳಿಂದಲೂ ಅಳೆಯುತ್ತಾರೆ. ಹಳೆಯ ವಿಂಗಡಣೆಗಳೆಷ್ಟೋ ಬದಲಾಗಿವೆ. ಕೋಟ್ಯಂತರ ವರ್ಷದ ಕಲ್ಲಿನಲ್ಲಿ ವಂಶವಾಹಿ ಉಳಿಯದು. ಅಲ್ಲಿ ಇಂದಿಗೂ ಕೀಲು, ಹಲ್ಲು, ಗೆರೆಗಳನ್ನೇ ನೆಚ್ಚಬೇಕು. ಒಡೆದ ಚಿಪ್ಪೊಂದನ್ನು ಎಸೆಯುವ ಮುನ್ನ ಅದರ ಒಳಮಗ್ಗುಲನ್ನು ತಿರುಗಿಸಿ ನೋಡುವ ಸೈರಣೆಯನ್ನು ನಮ್ಮ ಶಾಲೆಗಳು ಕಲಿಸಲಿ.