ನಕ್ಷೆ ಬಿಡಿಸಿದ ಕೈಗೆ ಕ್ಯಾಮೆರಾ

ಬಿಇ ಬಿಟ್ಟು ಕಲಾಶಾಲೆಯಲ್ಲಿ ಪೂರ್ಣಾವಧಿ ಫೋಟೊಗ್ರಫಿ ಕಲಿಯುವ ಆಸೆ ನನಗೆ. ಮೊದಲು ಡಿಗ್ರಿ ಮುಗಿಸು ಎನ್ನುತ್ತಾರೆ ಅಪ್ಪ. ಈ ಜಗಳದ ನಡುವೆ ಲಾಲಾ ದೀನ್ ದಯಾಳ್ ಅವರ ಬಗ್ಗೆ ಓದಿದೆ.

1844ರಲ್ಲಿ ಮೀರತ್ ಬಳಿಯ ಸರ್ಧಾನಾದಲ್ಲಿ ಹುಟ್ಟಿದ ಅವರು ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿದರು. 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ, ಅಂದಾಜುಪಟ್ಟಿ ತಯಾರಿಸುವ ಕೆಲಸಕ್ಕೆ ಸೇರಿದರು. ಕ್ಯಾಮೆರಾ ಹಿಡಿದದ್ದು 1870ರ ದಶಕದಲ್ಲಿ. ನಕ್ಷೆಯಲ್ಲಿ ಪಳಗಿದ ಆ ಕಣ್ಣು ಗ್ವಾಲಿಯರ್ ಕೋಟೆ, ಸಾಂಚಿ ಸ್ತೂಪಗಳ ಅಂದವನ್ನು ಅಳತೆ ತಪ್ಪದಂತೆ ಸೆರೆಹಿಡಿಯಿತು. ಹೆಸರು ಬಂದ ಮೇಲೆಯೇ ಸರ್ಕಾರಿ ನೌಕರಿ ಬಿಟ್ಟರು. ಹೈದರಾಬಾದಿನ ಆರನೇ ನಿಜಾಮರ ಆಸ್ಥಾನ ಛಾಯಾಗ್ರಾಹಕರಾದರು. 1905ರಲ್ಲಿ ತೀರಿಕೊಂಡರು.

ಕಲಾಶಾಲೆಯ ಅರ್ಜಿಯನ್ನು ನಾನಿನ್ನೂ ಹರಿದಿಲ್ಲ. ಆದರೆ ಬಾಕಿ ಉಳಿದಿರುವ ಎಂಜಿನಿಯರಿಂಗ್ ಡ್ರಾಯಿಂಗ್ ಪೇಪರನ್ನು ಈ ಸಲ ಮನಸ್ಸಿಟ್ಟು ಬರೆಯುತ್ತೇನೆ.