ಪ್ರೊ. ಸಿ.ಆರ್. ನಾರಾಯಣ ರಾವ್ (1882–1960)

ಪಶ್ಚಿಮ ಘಟ್ಟಗಳ ಕಪ್ಪೆಗಳನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದ ಭಾರತೀಯರಲ್ಲಿ ಪ್ರೊ. ಸಿ.ಆರ್. ನಾರಾಯಣ ರಾವ್ ಅವರು ಅಗ್ರಗಣ್ಯರು. 1882ರಲ್ಲಿ ಕೊಯಮತ್ತೂರಿನಲ್ಲಿ ಜನಿಸಿದ ಇವರು ಬಳ್ಳಾರಿಯಲ್ಲಿ ಶಾಲಾ ಶಿಕ್ಷಣವನ್ನೂ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಉನ್ನತ ಶಿಕ್ಷಣವನ್ನೂ ಪಡೆದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿ, 1937ರಲ್ಲಿ ನಿವೃತ್ತರಾದರು. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ವಿಜ್ಞಾನ ಪತ್ರಿಕೆಯ ಪ್ರಥಮ ಸಂಪಾದಕರೂ ಇವರೇ.

ಕಿರುಬಾಯಿ ಕಪ್ಪೆಗಳ ಗೊದಮೊಟ್ಟೆಗಳನ್ನು ಕುರಿತು 1918ರಲ್ಲಿ ಬರೆದ ರಾಯರು, 1920ರಲ್ಲಿ ಕೊಡಗಿನ ಇರುಳುಗಪ್ಪೆಗೆ ಹೆಸರಿಟ್ಟರು. 1937ರ ಪ್ರಬಂಧದಲ್ಲಿ ಶಿರಾಡಿ ಘಾಟಿಯ ಕೆಂಪುಹೊಳೆ ಕಾಡು, ಕೊಟ್ಟಿಗೆಹಾರ ಮೊದಲಾದ ಸ್ಥಳಗಳ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದರು. ಕೆಂಪುಹೊಳೆಯ ನೀರು ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಸೇರಿ ಮಂಗಳೂರಿನಲ್ಲಿ ಸಮುದ್ರವನ್ನು ಕೂಡುತ್ತದೆ.

ಪ್ರಭೇದವೊಂದಕ್ಕೆ ಹೆಸರಿಡುವಾಗ ಆಧಾರವಾಗಿ ಕಾದಿರಿಸುವ ಪ್ರಾಣಿಯ ದೇಹವನ್ನು ಮೂಲ ಮಾದರಿ ಎನ್ನುತ್ತಾರೆ. ರಾಯರು ಸಂಗ್ರಹಿಸಿದ್ದ ಮೂಲ ಮಾದರಿಗಳು ಕಾಲಾನಂತರ ಕಳೆದುಹೋದವು. ಇದರಿಂದ ಅವರು ನೀಡಿದ ಹೆಸರುಗಳಲ್ಲಿ ಕೆಲವು ಯಾವ ಕಪ್ಪೆಗೆ ಸಲ್ಲುತ್ತವೆ ಎಂಬುದನ್ನು ನಿರ್ಧರಿಸುವುದು ದುಸ್ತರವಾಯಿತು. ಸಂಶೋಧಕರು ಪುನಃ ಕಾಡಿಗೇ ಹೋಗಿ ಹುಡುಕಬೇಕಾಯಿತು. ಕೊಡಗಿನ ಇರುಳುಗಪ್ಪೆ 91 ವರ್ಷಗಳ ಬಳಿಕ ಪತ್ತೆಯಾದುದನ್ನು 2011ರಲ್ಲಿ ಪ್ರಕಟಿಸಲಾಯಿತು.

ರಾಯರು 1960ರಲ್ಲಿ ನಿಧನರಾದರು. ಐವತ್ತು ವರ್ಷಗಳ ನಂತರ, 2010ರಲ್ಲಿ, ಪೊದೆಗಪ್ಪೆಗಳ ಒಂದು ಕುಲಕ್ಕೆ ಅವರ ಗೌರವಾರ್ಥ ‘ರಾವೋರ್ಕೆಸ್ಟಿಸ್’ ಎಂದು ನಾಮಕರಣ ಮಾಡಲಾಯಿತು. ಈ ಹೆಸರು ಪ್ರಕಟವಾದದ್ದು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿಯೇ. ಕೊಟ್ಟಿಗೆಹಾರದಿಂದ ರಾಯರು ವರ್ಣಿಸಿದ್ದ ಪೊದೆಗಪ್ಪೆಯೂ ಇದೇ ಕುಲಕ್ಕೆ ಸೇರಿದೆ. ಅರವತ್ತಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಲದ ಬಹುಪಾಲು ಕಪ್ಪೆಗಳ ನೆಲೆ ಪಶ್ಚಿಮ ಘಟ್ಟಗಳು. ಇವುಗಳಿಗೆ ಗೊದಮೊಟ್ಟೆಯ ಹಂತವಿಲ್ಲ. ಮೊಟ್ಟೆಯಿಂದ ನೇರವಾಗಿ ಮರಿಕಪ್ಪೆ ಹೊರಬರುತ್ತದೆ. ಆದುದರಿಂದ ಇವುಗಳಿಗೆ ಕೆರೆಕುಂಟೆ ಬೇಕಿಲ್ಲ, ಮೊಟ್ಟೆ ಒಣಗದಂತೆ ಕಾಯುವ ಕಾಡಿನ ತೇವ ಬೇಕು. ಮರಗಳ ನೆರಳು ಅಳಿದರೆ ಇವುಗಳ ಸಂತತಿಗೂ ಕುತ್ತು.

ಘಟ್ಟದ ಕೆಳಗೂ ಈ ಶೋಧ ಮುಂದುವರಿದಿದೆ. ರಾಯರು ಗೊದಮೊಟ್ಟೆಗಳನ್ನು ಅಭ್ಯಸಿಸಿದ ಕಿರುಬಾಯಿ ಕಪ್ಪೆಗಳ ಕುಟುಂಬಕ್ಕೆ ಸೇರಿದ ಹೊಸ ಪ್ರಭೇದವೊಂದು, ಮಂಗಳೂರು ನಗರದಲ್ಲಿ, ಕೈಗಾರಿಕೆಗಳಿಂದ ಆವೃತವಾದ ಪ್ರದೇಶದಲ್ಲಿ ಕಂಡುಬಂದಿತು. 2018ರಲ್ಲಿ ಅದಕ್ಕೆ ನಗರದ ಕೊಂಕಣಿ ಹೆಸರಾದ ಕೊಡಿಯಾಲದಿಂದ ‘ಮೈಕ್ರೊಹೈಲ ಕೊಡಿಯಾಲ್’ ಎಂಬ ಹೆಸರಿಡಲಾಯಿತು. ಮಾದರಿ ಕಳೆದುಹೋದರೂ ಕಾಡು ಉಳಿದಿದ್ದರೆ ಕಪ್ಪೆಯನ್ನು ಮತ್ತೆ ಹುಡುಕಬಹುದು; ನೆಲೆಯೇ ಅಳಿದರೆ ಉಳಿಯುವುದು ಹೆಸರು ಮಾತ್ರ.